ಸಣ್ಣ ಕಾರ್ಯಕ್ರಮಕ್ಕೆ ಬಾಸ್ ಗಿಟಾರ್: ಏನು ಕೊಳ್ಳಬೇಕು, ಹೇಗೆ ಜೋಡಿಸಬೇಕು?

ಚಿಕ್ಕೋಡಿ: ಜಾತ್ರೆ, ಗಣೇಶೋತ್ಸವ, ಮದುವೆ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ರಸಮಂಜರಿ, ಆರ್ಕೆಸ್ಟ್ರಾ ಇದ್ದದ್ದೇ. ಹೊಸದಾಗಿ ಬಾಸ್ ಗಿಟಾರ್ ಹಿಡಿಯುವವರಿಗೆ ಇಲ್ಲಿದೆ ಮಾಹಿತಿ.

ಗಿಟಾರ್: ಶುರುವಿಗೆ 4 ತಂತಿಯ ಬಾಸ್ ಸಾಕು. ಅದರ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಇಷ್ಟು ತಗ್ಗಿನ ದನಿಯನ್ನು ಸಾದಾ ಗಿಟಾರಿನ ಸಣ್ಣ ಆಂಪ್ ತಾಳುವುದಿಲ್ಲ. ಸೌಂಡ್ ಏರಿಸಿದರೆ ಸ್ಪೀಕರ್ ಹಾಳಾಗಬಹುದು.

ಆಂಪ್: ಮನೆಯ ತಾಲೀಮಿಗೆ 20–30 ವಾಟಿನ ಬಾಸ್ ಆಂಪ್ ನಡೆಯುತ್ತದೆ. ಡ್ರಮ್ಸ್ ಜೊತೆ ನುಡಿಸಲು 100 ವಾಟಿಗಿಂತ ಹೆಚ್ಚು ಬೇಕು. ಸೌಂಡ್ ಸಿಸ್ಟಂನವರ ಹತ್ತಿರ ಸಬ್‌ವೂಫರ್ ಇದ್ದರೆ ದೊಡ್ಡ ಆಂಪ್ ಬೇಡ. ಡಿಐ ಬಾಕ್ಸ್ ಮೂಲಕ ನೇರ ಮಿಕ್ಸರ್‌ಗೆ ಕೊಡಿ, ರೊಕ್ಕ ಉಳೀತದ.

ಅರ್ಥಿಂಗ್: ಇದು ಜೀವದ ಪ್ರಶ್ನೆ. ಜನರೇಟರ್‌ಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ, ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ ಶಾಕ್ ಹೊಡೆಯಬಹುದು. ಗುಂಯ್ ಸದ್ದು ಬರುತ್ತದೆಂದು ಪ್ಲಗ್ಗಿನ ದೊಡ್ಡ ಪಿನ್ ಮುರಿಯಲೇಬೇಡಿ. ಡಿಐ ಬಾಕ್ಸಿನ ‘ಗ್ರೌಂಡ್ ಲಿಫ್ಟ್’ ಸ್ವಿಚ್ ಒತ್ತಿ ನೋಡಿ. ಕೈ ಸ್ವಲ್ಪ ಜುಂ ಅಂದರೂ ನುಡಿಸೋದು ನಿಲ್ಲಿಸಿ, ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್‌ನ ಕರೀರಿ.

ಸಮಯ: 2000ರ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಬಾಸ್ ಸದ್ದು ಗೋಡೆ ದಾಟಿ ಹೋಗುತ್ತದೆ ಎಂಬುದು ನೆನಪಿರಲಿ.

ಚೀಲದಲ್ಲಿ: ಹೆಚ್ಚುವರಿ ಕೇಬಲ್, ಒಂದು ಸೆಟ್ ತಂತಿ, ಆ್ಯಕ್ಟಿವ್ ಬಾಸ್ ಇದ್ದರೆ ಬ್ಯಾಟರಿ. ರಾತ್ರಿ 9ಕ್ಕೆ ಹಳ್ಳ್ಯಾಗ ಇವು ಸಿಗೋದಿಲ್ಲ ನೋಡ್ರಿ.