ನಿಲ್ಲಿಸಿಟ್ಟ ಬೈಕಿಗೆ ಕಾರು ತಾಗಿತು: ಒಂದು 6,000 ರೂಪಾಯಿಯ ಹಳೇ ಕಥೆ

ಮೊದಲಿಗೇ ಒಂದು ಸ್ಪಷ್ಟನೆ. ಇವತ್ತು ನಾನು ಹೇಳ್ತಿರೋ ಶಿರೂರು, 2024ರ ಜುಲೈನಲ್ಲಿ ಗುಡ್ಡ ಕುಸಿದ ಅಂಕೋಲಾದ ಶಿರೂರು ಅಲ್ಲ. ಇದು ಬೈಂದೂರು ತಾಲೂಕಿನ ಶಿರೂರು. ಉಡುಪಿ ಜಿಲ್ಲೆ ಮುಗಿದು ಉತ್ತರ ಕನ್ನಡ ಶುರುವಾಗೋ ಜಾಗ. ಕಡಲು ಒಂದು ಕಡೆ, ಗುಡ್ಡ ಒಂದು ಕಡೆ, ನಡುವೆ ರಾಷ್ಟ್ರೀಯ ಹೆದ್ದಾರಿ 66.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅಲ್ಲಿನ ಪೇಟೆಯಲ್ಲಿ ಚಾ ಕುಡೀತಾ ನಿಂತಿದ್ದೆ. ಎದುರಿಗೆ ಒಂದು ಮೀನಿನ ಬೈಕು. ನಮ್ಮ ಕಡೆಯವರಿಗೆ ಗೊತ್ತಿರ್ತದೆ, ಹಿಂದಿನ ಸೀಟಿಗೆ ದೊಡ್ಡ ಬಾಕ್ಸು ಕಟ್ಟಿ, ಅದರಲ್ಲಿ ಮಂಜುಗಡ್ಡೆ ಹಾಕಿ, ಮನೆ ಮನೆಗೆ ಬಂಗುಡೆ ಮಾರೋ ಬೈಕು. ಅಳ್ವೆಗದ್ದೆಯಿಂದ ಮೀನು ತುಂಬಿಸ್ಕೊಂಡು ಬಂದ ಅಣ್ಣ, ಗಾಡಿ ಸೈಡ್ ಸ್ಟ್ಯಾಂಡ್ ಹಾಕಿ ಅಂಗಡಿಯೊಳಗೆ ಹೋಗಿದ್ರು. ದೇವಸ್ಥಾನಕ್ಕೆ ಹೊರಟಿದ್ದ ಒಂದು ಕಾರು ರಿವರ್ಸ್ ತಗೊಳ್ತು. ಟಪ್ ಅಂತ ಒಂದು ಸದ್ದು. "ಹ್ವಾಯ್, ಗಾಡಿ ಬಿತ್ತ್ ಕಾಣಿ!" ಅಂತ ಯಾರೋ ಕೂಗಿದ್ರು.

ಕಾರಿನವರು ಕೆಟ್ಟ ಜನ ಅಲ್ಲ. ಇಳಿದ್ರು, ಸಾರಿ ಅಂದ್ರು, ಬೈಕ್ ಎತ್ತೋಕೆ ಕೈ ಹಾಕಿದ್ರು, 1,000 ರೂಪಾಯಿ ಕೊಟ್ರು, ಫೋನ್ ನಂಬರೂ ಕೊಟ್ರು. ಅಣ್ಣ "ಅಡ್ಡಿಲ್ಲ ಬಿಡಿ" ಅಂದು ದುಡ್ಡು ಜೇಬಿಗೆ ಹಾಕ್ಕೊಂಡ್ರು. ಐದು ನಿಮಿಷದಲ್ಲಿ ರಾಜಿ ಆಯ್ತು. ನೋಡೋಕೆ ಚಂದ ಇತ್ತು.

ಮರುದಿನ ಗ್ಯಾರೇಜಿನವರು ಹೇಳಿದ್ದು: ಮುಂದಿನ ಫೋರ್ಕ್ ಪೈಪು ಬೆಂಡ್ ಆಗಿದೆ, ಹೆಡ್‌ಲೈಟ್ ಡೂಮ್ ಒಡೆದಿದೆ, ಮೀಟರ್ ಹೋಗಿದೆ, ಕ್ಲಚ್ ಲಿವರ್, ಇಂಡಿಕೇಟರ್. ಒಟ್ಟು 7,400 ರೂಪಾಯಿ. ಜೊತೆಗೆ ಎರಡು ದಿನ ಮೀನು ಮಾರಾಟ ಇಲ್ಲ. ಫೋನ್ ಮಾಡಿದ್ರೆ ಮೊದಲ ಸಲ ಎತ್ತಿದ್ರು, ನೋಡೋಣ ಅಂದ್ರು. ಎರಡನೇ ಸಲ ಎತ್ತಲಿಲ್ಲ.

ಇಲ್ಲಿ ಅಣ್ಣ ನನ್ನ ಹತ್ರ ಕೇಳಿದ ಪ್ರಶ್ನೆ ಇವತ್ತಿನ ಎಪಿಸೋಡಿಗೆ ಕಾರಣ. "ನಂಗೂ ಇನ್ಶೂರೆನ್ಸ್ ಇದೆಯಲ್ಲ, ವರ್ಷ ವರ್ಷ ಕಟ್ಟೂದು ಎಂತಕ್ಕೆ?"

ಅವರದ್ದು ಥರ್ಡ್ ಪಾರ್ಟಿ ಪಾಲಿಸಿ. ಅಂದ್ರೆ ಅವರ ಬೈಕಿನಿಂದ ಬೇರೆಯವರಿಗೆ ಏನಾದ್ರೂ ಆದ್ರೆ ಕಂಪನಿ ಕೊಡ್ತದೆ. ಅವರ ಬೈಕಿಗೇ ಆದ್ರೆ ಇಲ್ಲ. ಅವರಿಗೆ ಬರಬೇಕಾದ ದುಡ್ಡು ಇರೋದು ಆ ಕಾರಿನ ಪಾಲಿಸಿಯೊಳಗೆ, ಯಾಕಂದ್ರೆ ಆ ಪಾಲಿಸಿಗೆ ಇವರು ಥರ್ಡ್ ಪಾರ್ಟಿ. ಬಿ.ಕಾಂ.ನಲ್ಲಿ ನಾನು ಇದನ್ನ ಪರೀಕ್ಷೆಗೆ ಬರೆದಿದ್ದೆ. ಆದ್ರೆ ಬಿದ್ದ ಬೈಕಿನ ಎದುರು ನಿಂತಾಗ ನನಗೂ ತಕ್ಷಣ ಹೊಳೀಲಿಲ್ಲ, ನಿಜ ಹೇಳ್ತೀನಿ.

ಈ ಹಕ್ಕು ಎಲ್ಲಿಂದ ಬಂತು ಅಂತ ನೋಡಿದ್ರೆ ಕಥೆ ನೂರು ವರ್ಷ ಹಿಂದೆ ಹೋಗ್ತದೆ.

1914ರಲ್ಲಿ ಎರಡು ಸಂಗತಿ ಆಯ್ತು. ಒಂದು, ಭಾರತಕ್ಕೆ ಮೊದಲ ಅಖಿಲ ಭಾರತ ಮೋಟಾರು ವಾಹನ ಕಾಯ್ದೆ ಬಂತು. ಇನ್ನೊಂದು, ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಹಿರಿಯರ ಬಾಯಲ್ಲಿ ಸಿ.ಪಿ.ಸಿ., ಬಸ್ಸು ಓಡಿಸೋಕೆ ಹುಟ್ಟಿಕೊಂಡಿತು. ನಮ್ಮ ಕರಾವಳಿಗೆ ಮೋಟಾರು ಬಂದದ್ದೂ ಮೋಟಾರಿನ ಕಾನೂನು ಬಂದದ್ದೂ ಹೆಚ್ಚುಕಮ್ಮಿ ಒಟ್ಟಿಗೇ. ಆದ್ರೆ ಆ ಕಾಯ್ದೆಯಲ್ಲಿ ವಿಮೆ ಕಡ್ಡಾಯ ಅನ್ನೋ ಮಾತೇ ಇರಲಿಲ್ಲ.

ಆಗಿನ ಶಿರೂರನ್ನ ಒಮ್ಮೆ ಊಹಿಸ್ಕೊಳ್ಳಿ. 1862ರಲ್ಲಿ ಉತ್ತರ ಕನ್ನಡವನ್ನ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ರು. ಕುಂದಾಪುರ ಮದ್ರಾಸ್ ಪ್ರಾಂತ್ಯದಲ್ಲೇ ಉಳೀತು. ಹಾಗಾಗಿ 1956ರ ನವೆಂಬರ್ 1ರವರೆಗೂ ಶಿರೂರು ದಾಟಿ ಭಟ್ಕಳಕ್ಕೆ ಹೋಗೋದು ಅಂದ್ರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗೋದು. ಭಟ್ಕಳದ ಕಾರಿಗೆ ಬೊಂಬಾಯಿ ಕಡೆಯ ನಂಬರು, ಬೈಂದೂರಿನದ್ದಕ್ಕೆ ಮದ್ರಾಸ್ ಕಡೆಯದ್ದು. ಈಗ ಅದೇ ಜಾಗದಲ್ಲಿ ಕೆ.ಎ. 20 ಮತ್ತು ಕೆ.ಎ. 47 ಪಕ್ಕ ಪಕ್ಕ ನಿಲ್ತವೆ, ನಡುವೆ ಟೋಲ್ ಗೇಟು. ಗಡಿ ಹೋಯ್ತು, ಟೋಲ್ ಬಂತು. ಇರಲಿ.

ಬ್ರಿಟನ್ನಿನಲ್ಲಿ 1903ರ ಮೋಟಾರ್ ಕಾರ್ ಕಾಯ್ದೆ ಒಂದು ವಿಚಿತ್ರ ಮಾತು ಹೇಳ್ತಿತ್ತು: ಅಪಘಾತ ಆದ್ರೆ ಕಾರು ನಿಲ್ಲಿಸಬೇಕು, ಕೇಳಿದ್ರೆ ಹೆಸರು ವಿಳಾಸ ಕೊಡಬೇಕು. ಆದ್ರೆ ಯಾವ ಅಪಘಾತ? ಮನುಷ್ಯನಿಗೆ ಆದದ್ದು, ಅಥವಾ ಯಾರಾದ್ರೂ ನೋಡ್ಕೊಳ್ತಿರೋ ಕುದುರೆಗೋ ವಾಹನಕ್ಕೋ ಆದದ್ದು. ಯಾರೂ ಇಲ್ಲದೆ ನಿಲ್ಲಿಸಿಟ್ಟ ವಾಹನದ ಬಗ್ಗೆ ಆ ಸಾಲು ಸುಮ್ಮನಿತ್ತು. ಯಜಮಾನ ಚಾ ಕುಡಿಯೋಕೆ ಹೋದ ಬೈಕು ಕಾನೂನಿಗೆ ಕಾಣಿಸೋದು ತುಂಬಾ ತಡವಾಗಿ.

ಅಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಆದದ್ದು 1930ರ ಕಾಯ್ದೆಯಿಂದ. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಅದನ್ನ ಬರೆದ್ರು. ಬರೆದ್ರೂ ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ಕ್ಕೆ. ನಡುವೆ ಮಹಾಯುದ್ಧ ಬಂದು ಹೋಗಿತ್ತು. ಆಗಲೂ ಕಡ್ಡಾಯ ಇದ್ದದ್ದು ಜೀವಕ್ಕೆ, ಗಾಯಕ್ಕೆ ಮಾತ್ರ. ವಸ್ತುವಿಗೆ ಇಲ್ಲ. ಅಂದ್ರೆ 1950ರಲ್ಲಿ ಶಿರೂರಿನಲ್ಲಿ ಕಾರೊಂದು ಸೈಕಲ್ ಮೇಲೆ ಹತ್ತಿದ್ರೆ, ಸೈಕಲ್ ಯಜಮಾನ ಸಿವಿಲ್ ಕೋರ್ಟಿಗೆ ಹೋಗಿ ದಾವೆ ಹೂಡಬೇಕು. ಕೋರ್ಟು ಫೀಸು, ವಕೀಲರು, ವರ್ಷಗಳು. ಯಾರು ಹೋಗ್ತಾರೆ?

1956ರಲ್ಲಿ ತಿದ್ದುಪಡಿ ತಂದು ಅಪಘಾತ ಪರಿಹಾರಕ್ಕೆ ಅಂತಲೇ ಟ್ರಿಬ್ಯೂನಲ್ ಮಾಡೋಕೆ ದಾರಿ ಮಾಡಿದ್ರು. ಅಲ್ಲಿಯೂ ಮೊದಲಿಗೆ ಸಾವು, ಗಾಯ ಅಷ್ಟೇ. ವಸ್ತುವಿನ ಹಾನಿ ಒಳಗೆ ಬಂದದ್ದು 1969ರ ತಿದ್ದುಪಡಿಯಲ್ಲಿ, ಜಾರಿ 1970ರ ಮಾರ್ಚಿನಿಂದ. ವಿಮೆಯ ಮಿತಿ 2,000 ರೂಪಾಯಿ. 1982ರಲ್ಲಿ ಅದನ್ನ 6,000ಕ್ಕೆ ಏರಿಸಿದ್ರು.

ಈ 6,000ದ ಮೇಲೆ ಸ್ವಲ್ಪ ನಿಲ್ಲೋಣ, ಯಾಕಂದ್ರೆ ನನಗೆ ಸಿಟ್ಟು ಬರೋದು ಇಲ್ಲೇ. 1982ರಲ್ಲಿ 6,000 ಅಂದ್ರೆ ಸಣ್ಣ ದುಡ್ಡಲ್ಲ. ಒಂದು ಬೈಕಿನ ಬೆಲೆಯಲ್ಲಿ ದೊಡ್ಡ ಪಾಲು. ಯಮಹಾ ಆರ್‌ಎಕ್ಸ್ 100, ಹೀರೋ ಹೋಂಡಾ ಸಿಡಿ 100 ಎಲ್ಲಾ ಇನ್ನೂ ಬಂದಿರಲಿಲ್ಲ, ಅವು 1985ರವು. ಆಮೇಲೆ 1988ರಲ್ಲಿ ಇಡೀ ಕಾಯ್ದೆಯನ್ನೇ ಹೊಸದಾಗಿ ಬರೆದ್ರು, 1989ರ ಜುಲೈ 1ಕ್ಕೆ ಜಾರಿ ಮಾಡಿದ್ರು. ನಂಬರ್ ಪ್ಲೇಟಿನಲ್ಲಿ 'ಕೆ.ಎ.' ಅಂತ ಬರೋಕೆ ಶುರುವಾದದ್ದೂ ಆಗಲೇ. ಪ್ಲೇಟು ಬದಲಾಯ್ತು, 6,000 ಬದಲಾಗಲಿಲ್ಲ. 1994ರಲ್ಲಿ ದೊಡ್ಡ ತಿದ್ದುಪಡಿ ಆಯ್ತು, ಅದಕ್ಕೆ ಕೈ ಹಾಕಲಿಲ್ಲ. 2019ರ ತಿದ್ದುಪಡಿ ಆ ಕಲಮನ್ನೇ ಬದಲಿಸಿತು, ಅದು ಜಾರಿಗೆ ಬಂದದ್ದು 2022ರ ಏಪ್ರಿಲ್ 1ಕ್ಕೆ. 1982ರಿಂದ 2022, ನಲವತ್ತು ವರ್ಷ ಕಾನೂನಿನ ಪುಸ್ತಕದಲ್ಲಿ ಒಂದೇ ಅಂಕಿ.

ಹಾಗಂತ ಎಲ್ಲಾ ಕಾರಿನ ಪಾಲಿಸಿಯೂ 6,000ಕ್ಕೇ ನಿಂತಿಲ್ಲ. ಕಾರಿಗೆ ಮಾಮೂಲಿ ಮಿತಿ ಏಳೂವರೆ ಲಕ್ಷ, ಬೈಕಿಗೆ ಒಂದು ಲಕ್ಷ. ಆದ್ರೆ ಟ್ಯಾರಿಫಿನಲ್ಲಿ ಒಂದು ಸಣ್ಣ ಕಿಂಡಿ ಇಟ್ಟಿದ್ರು: ಬೇಕಾದ್ರೆ ನೀವು ಆ ಮಿತಿಯನ್ನ 6,000ಕ್ಕೆ ಇಳಿಸ್ಕೊಳ್ಳಬಹುದು. ಇಳಿಸಿದ್ರೆ ಎಷ್ಟು ಉಳೀತದೆ ಗೊತ್ತಾ? ಕಾರಿಗೆ 100 ರೂಪಾಯಿ. ಬೈಕಿಗೆ 50. ನೂರು ರೂಪಾಯಿ ಉಳಿಸೋಕೆ ಏಳೂವರೆ ಲಕ್ಷದ ರಕ್ಷಣೆಯನ್ನ ಆರು ಸಾವಿರಕ್ಕೆ ತರೋದು. ಅಕೌಂಟ್ಸ್ ಓದಿದವನಾಗಿ ಹೇಳ್ತೀನಿ, ಇದಕ್ಕಿಂತ ಕೆಟ್ಟ ಉಳಿತಾಯ ನಾನು ನೋಡಿಲ್ಲ. ಎಪಿಸೋಡ್ ಪಾಸ್ ಮಾಡಿ ನಿಮ್ಮ ಪಾಲಿಸಿ ಪಿಡಿಎಫ್ ತೆಗೀರಿ, 'ಟಿಪಿಪಿಡಿ' ಅನ್ನೋ ಸಾಲು ಹುಡುಕಿ. ಅಲ್ಲಿ 6,000 ಅಂತ ಇದ್ರೆ, ಮುಂದಿನ ಸಲ ಆನ್‌ಲೈನಲ್ಲಿ ರಿನ್ಯೂ ಮಾಡುವಾಗ ಆ ಟಿಕ್ ತೆಗೀರಿ.

ನಮ್ಮ ಮೀನಿನ ಅಣ್ಣನ ಬಿಲ್ಲು 7,400. ಕಾರಿನವರು ಆ ಟಿಕ್ ಹಾಕಿದ್ರೆ 1,400 ಕಾರಿನ ಯಜಮಾನರ ಕೈಯಿಂದಲೇ ಬರಬೇಕು. ಹಾಕಿರದಿದ್ರೆ ಪೂರ್ತಿ ಕಂಪನಿಯಿಂದ ಬರಬಹುದು. ಇನ್ನೊಂದು ವಿಷಯ ಕಾರಿನವರಿಗೂ ಗೊತ್ತಿರಲಿಲ್ಲ ಅಂತ ಕಾಣ್ತದೆ. ಕ್ಲೇಮ್ ಆದ್ರೆ ನೋ ಕ್ಲೇಮ್ ಬೋನಸ್ ಹೋಗ್ತದೆ ಅಂತ ಎಲ್ಲರಿಗೂ ಹೆದರಿಕೆ. ಆ ಬೋನಸ್, 20 ಪರ್ಸೆಂಟಿನಿಂದ ಶುರುವಾಗಿ 50ರವರೆಗೆ ಏರೋದು, ಇರೋದು ಸ್ವಂತ ಗಾಡಿಯ ಹಾನಿಯ ಭಾಗಕ್ಕೆ. ಥರ್ಡ್ ಪಾರ್ಟಿ ಕ್ಲೇಮಿಗೂ ಅದಕ್ಕೂ ಸಂಬಂಧ ಇಲ್ಲ. ಇದು ಗೊತ್ತಿದ್ರೆ ಬಹುಶಃ ಅವರು ಫೋನ್ ಎತ್ತುತ್ತಿದ್ರು.

ಸರಿ, ತಪ್ಪು ಯಾರದ್ದು ಅಂತ ಸಾಬೀತು ಮಾಡೋದು ಹೇಗೆ? ಅಣ್ಣ ಅಂಗಡಿಯೊಳಗಿದ್ರು, ಕಣ್ಣಾರೆ ನೋಡಿಲ್ಲ. ಇಲ್ಲಿ 1977ರ ಒಂದು ಸುಪ್ರೀಂ ಕೋರ್ಟ್ ತೀರ್ಪು ನೆನಪಾಗ್ತದೆ, ಪುಷ್ಪಾಬಾಯಿ ಪ್ರಕರಣ ಅಂತ. ಕಾರೊಂದು ರಸ್ತೆಯ ಬಲಕ್ಕೆ ಹೋಗಿ ಮರಕ್ಕೆ ಗುದ್ದಿ, ಒಳಗಿದ್ದವರು ತೀರಿಕೊಂಡ ಘಟನೆ. ಚಾಲಕನ ತಪ್ಪು ನೋಡಿದವರು ಯಾರು ಅನ್ನೋ ಪ್ರಶ್ನೆ ಬಂದಾಗ ಕೋರ್ಟು ಹೇಳಿದ್ದರ ಸಾರ ಇಷ್ಟು: ಘಟನೆಯೇ ಮಾತಾಡ್ತದೆ, ತಪ್ಪಿಲ್ಲ ಅಂತ ತೋರಿಸೋ ಹೊಣೆ ಈಗ ಆ ಕಡೆಯವರದ್ದು. ಮರ ರಸ್ತೆಗೆ ಅಡ್ಡ ಬರೋದಿಲ್ಲವಲ್ಲ. ಸ್ಟ್ಯಾಂಡ್ ಹಾಕಿದ ಬೈಕೂ ಹಾಗೆಯೇ. ಆದ್ರೆ ಬೈಕು ನಿಂತ ಜಾಗವೂ ಮುಖ್ಯ. ಕತ್ತಲಲ್ಲಿ, ಲೈಟಿಲ್ಲದೆ, ಹೆದ್ದಾರಿ ಮೇಲೆ ಅರ್ಧ ಚಾಚಿ ನಿಲ್ಲಿಸಿದ್ರೆ ನಿಮ್ಮದೂ ಪಾಲಿದೆ ಅಂತ ಪರಿಹಾರ ಕಡಿಮೆ ಆಗಬಹುದು. ಅಣ್ಣನ ಬೈಕು ಹಗಲಲ್ಲಿ, ಅಂಗಡಿ ಜಗಲಿಗೆ ಒತ್ತಿ ನಿಂತಿತ್ತು.

ಚಾಲಕರ ಕರ್ತವ್ಯವೂ ಈಗ 1903ರದ್ದಲ್ಲ. 1988ರ ಕಾಯ್ದೆಯ 134ನೇ ಕಲಮು ಸ್ಪಷ್ಟ: ಮನುಷ್ಯನಿಗೆ ಗಾಯ ಆದ್ರೂ ಸರಿ, ಬೇರೆಯವರ ವಸ್ತುವಿಗೆ ಹಾನಿ ಆದ್ರೂ ಸರಿ, ಸ್ಥಳದಲ್ಲಿ ಪೊಲೀಸರು ಇಲ್ಲದಿದ್ರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ಶಿರೂರಿಗೆ ಅದು ಬೈಂದೂರು ಠಾಣೆ. ವಿಮಾ ಕಂಪನಿಗೂ ತಿಳಿಸಬೇಕು. ತಪ್ಪಿದ್ರೆ ದಂಡ ಮೊದಲು 500 ಇತ್ತು, 2019ರಲ್ಲಿ 5,000 ಮಾಡಿದ್ರು, ಜೈಲು ಆರು ತಿಂಗಳವರೆಗೆ. ಬೈಕ್ ಬೀಳಿಸಿದವರು ಯಾರಾದ್ರೂ ಠಾಣೆಗೆ ಹೋಗಿ ತಾವೇ ಹೇಳಿದ್ದನ್ನ ನಾನಂತೂ ಕೇಳಿಲ್ಲ. ಗುದ್ದಿ ಓಡಿಹೋದ ವಾಹನ ಸಿಗದಿದ್ರೆ ಸರ್ಕಾರ ಕೊಡೋ ಪರಿಹಾರವೂ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000. ವಸ್ತುವಿಗೆ ಅಲ್ಲಿ ಏನೂ ಇಲ್ಲ. ಅದಕ್ಕೇ ನಂಬರ್ ಪ್ಲೇಟಿನ ಒಂದು ಫೋಟೋ ಅಷ್ಟು ಮುಖ್ಯ.

2022ರ ಜುಲೈ 20ರಂದು ಇದೇ ಶಿರೂರಿನ ಟೋಲ್ ಗೇಟಿನಲ್ಲಿ ಆಂಬುಲೆನ್ಸ್ ಒಂದು ಮಳೆಯಲ್ಲಿ ಜಾರಿ ಪಲ್ಟಿಯಾಗಿ ನಾಲ್ಕು ಜನ ತೀರಿಕೊಂಡ್ರು. ಟೋಲಿನ ಕ್ಯಾಮೆರಾದ ದೃಶ್ಯವನ್ನ ದೇಶವೇ ನೋಡ್ತು. ಪೇಟೆಯೊಳಗೆ ರಿವರ್ಸ್ ತಗೊಳ್ಳೋ ಕಾರಿಗೆ ಅಂಥ ಕ್ಯಾಮೆರಾ ಇಲ್ಲ. ನಮ್ಮ ಪುಣ್ಯಕ್ಕೆ ಚಾ ಅಂಗಡಿಯ ಹುಡುಗ ಬಿದ್ದ ಬೈಕು, ಕಾರಿನ ಬಂಪರು, ನಂಬರು ಮೂರೂ ಒಂದೇ ಫ್ರೇಮಿನಲ್ಲಿ ಬರೋ ಹಾಗೆ ಫೋಟೋ ತೆಗೆದಿದ್ದ. ಎಂ-ಪರಿವಾಹನ್ ಆ್ಯಪಿಗೆ ನಂಬರು ಹಾಕಿದ್ವಿ. ಕಾರಿನ ವಿಮೆ ಚಾಲ್ತಿಯಲ್ಲಿದೆ ಅಂತ ತೋರಿಸ್ತು.

ಅಲ್ಲಿಂದ ಮುಂದೆ ಎರಡು ದಾರಿ. ಒಂದು ಟ್ರಿಬ್ಯೂನಲ್ಲು, ಅದಕ್ಕೆ ಕುಂದಾಪುರಕ್ಕೆ ಓಡಾಡಬೇಕು. ಇನ್ನೊಂದು, ಕೇಸು ಹಾಕೋ ಮೊದಲೇ ಲೋಕ್ ಅದಾಲತ್ತಿಗೆ ಅರ್ಜಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅದಕ್ಕೆ ಅವಕಾಶ ಕೊಡ್ತದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ರೆ ಕೋರ್ಟು ಫೀಸಿಲ್ಲ, ಇಬ್ಬರೂ ಒಪ್ಪಿದ್ರೆ ಆಗೋ ತೀರ್ಮಾನಕ್ಕೆ ಡಿಕ್ರಿಯಷ್ಟೇ ಬೆಲೆ, ಅಪೀಲಿಲ್ಲ. 7,400ರ ವ್ಯವಹಾರಕ್ಕೆ ನನಗೆ ಇದೇ ಸರಿ ಅನ್ನಿಸ್ತು. ಫೋಟೋ, ಗ್ಯಾರೇಜಿನ ಬಿಲ್ಲು, ಆರ್‌ಸಿ, ನೋಡಿದ ಇಬ್ಬರ ಹೆಸರು. ಒಂದು ಸಮಾಧಾನ ಅಂದ್ರೆ 1,000 ತಗೊಳ್ಳುವಾಗ ಅಣ್ಣ 'ಎಲ್ಲಾ ಮುಗೀತು' ಅಂತ ಎಲ್ಲೂ ಸಹಿ ಹಾಕಿರಲಿಲ್ಲ. ನೀವೂ ಗ್ಯಾರೇಜಿಗೆ ತೋರಿಸೋ ಮೊದಲು ಹಾಕಬೇಡಿ.

ಇದನ್ನೆಲ್ಲಾ ಹೇಳಿದಾಗ ಅಣ್ಣ ನಕ್ಕು ಹೇಳಿದ್ರು, "ಎರಡು ದಿನ ಹೋಯ್ತು. ಈಗ ಕುಂದಾಪುರಕ್ಕೆ ಹೋಗಿ ಮೂರನೇ ದಿನವೂ ಕಳ್ಕೊಳ್ಳೂದಾ ಮಾರಾಯ?" ನನಗೆ ಉತ್ತರ ಇರಲಿಲ್ಲ. ಲೆಕ್ಕ ಅವರದ್ದೇ ಸರಿ ಇತ್ತು.

ಆಮೇಲೆ ಒಂದು ವಿಷಯ ನೆನಪಾಯ್ತು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಲ್ಲಿ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕೋಕೆ ಅಪಘಾತದ ದಿನದಿಂದ ಆರು ತಿಂಗಳು ಅಂತ ಸೇರಿಸಿದ್ದಾರೆ. ಫೆಬ್ರವರಿಯಿಂದ ಎಣಿಸಿದ್ರೆ ಆಗಸ್ಟ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನೂ ಕಡಿಮೆ, ಬೈಕಿಗೂ ರಜೆ. ಅರ್ಜಿ ನಾನು ಬರೆದುಕೊಡ್ತೀನಿ, ಮಳೆಗಾಲದಲ್ಲಿ ಹೋಗೋಣ ಅಂದೆ. "ಆಗ ಬನ್ನಿ, ಹೋಪ" ಅಂದ್ರು. ಬಿಲ್ಲನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೀನಿನ ಬಾಕ್ಸಿನ ಮೇಲಿನ ಚೀಲಕ್ಕೆ ಹಾಕಿಟ್ಟಿದ್ದಾರೆ.