ಪಿಕಪ್ ಗೇರ್‌ಬಾಕ್ಸ್ ಬೋಲ್ಟ್: ಎಷ್ಟು ಬಿಗಿ ಸಾಕು, ಎಷ್ಟಾದರೆ ಅಪಾಯ? ಇಲ್ಲಿದೆ ಪೂರ್ಣ ಮಾಹಿತಿ

ನವಿ ಮುಂಬೈನ ವಾಶಿ, ಪುಣೆಯ ಮಾರ್ಕೆಟ್ ಯಾರ್ಡ್, ಚೆನ್ನೈನ ಕೊಯಂಬೇಡು... ಯಾವ ಮಾರುಕಟ್ಟೆಗೆ ಹೋದರೂ ನಸುಕಿನಲ್ಲಿ ತರಕಾರಿ, ಹಣ್ಣು ಹೊತ್ತು ಬಂದು ನಿಲ್ಲುವ ಪಿಕಪ್ ಗಾಡಿಗಳು ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಅನೇಕ ಗಾಡಿಗಳಿಗೆ ಚಾಲಕನೇ ಮಾಲೀಕ. ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಆ ದಿನದ ಸಂಪಾದನೆ ಇಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಇಂಥ ಗಾಡಿಯ ಕ್ಲಚ್ ಪ್ಲೇಟ್ ಬದಲಿಸಬೇಕಾದರೆ ಗೇರ್‌ಬಾಕ್ಸ್ ಕೆಳಗಿಳಿಸಲೇಬೇಕು. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಎಂಜಿನ್‌ಗೆ ಕೂರಿಸಿ ಬೋಲ್ಟ್ ಬಿಗಿ ಮಾಡಬೇಕು. ಹೊಸ ಪ್ಲೇಟ್ ಹಾಕಿದ ಮೇಲೂ ಗಾಡಿ ನಡುಗುತ್ತಿದ್ದರೆ, ಎಣ್ಣೆ ಸೋರುತ್ತಿದ್ದರೆ ಅಥವಾ ಗೇರ್‌ಬಾಕ್ಸ್ ಕವಚವೇ ಬಿರುಕು ಬಿಟ್ಟರೆ ಅದಕ್ಕೆ ಈ ಕೊನೆಯ ಹಂತದ ತಪ್ಪೂ ಕಾರಣವಾಗಿರಬಹುದು. ಕೈಗೆ ಬಿಗಿ ಅನ್ನಿಸಿದ ಬೋಲ್ಟ್ ನಿಜಕ್ಕೂ ಸರಿಯಾಗಿ ಬಿಗಿಯಾಗಿದೆ ಎನ್ನಲಾಗದು. ಅದನ್ನು ಹೇಳಬೇಕಾದದ್ದು ಅಳತೆ.

ಯಾವ ಬೋಲ್ಟ್ ಎಲ್ಲಿರುತ್ತದೆ?

ಬೊಲೆರೊ ಪಿಕಪ್, ಟಾಟಾ ಯೋಧಾ, ಅಶೋಕ್ ಲೇಲ್ಯಾಂಡ್ ದೋಸ್ತ್‌ನಂಥ ಗಾಡಿಗಳ ವಿನ್ಯಾಸ ಹೆಚ್ಚು ಕಡಿಮೆ ಒಂದೇ. ಮುಂದೆ ಎಂಜಿನ್, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಚಕ್ರಗಳಿಗೆ ಪ್ರೊಪೆಲ್ಲರ್ ಶಾಫ್ಟ್. ಬೋಲ್ಟ್‌ಗಳು ಮುಖ್ಯವಾಗಿ ಐದು ಕಡೆ ಇರುತ್ತವೆ.

• ಬೆಲ್ ಹೌಸಿಂಗ್ ಬೋಲ್ಟ್: ಗಂಟೆಯಾಕಾರದ ಕವಚವನ್ನು ಎಂಜಿನ್‌ಗೆ ಕಚ್ಚಿಸುತ್ತವೆ.
• ಪ್ರೆಶರ್ ಪ್ಲೇಟ್ ಬೋಲ್ಟ್: ಕ್ಲಚ್ ಜೋಡಣೆಯನ್ನು ಫ್ಲೈವೀಲ್‌ಗೆ ಹಿಡಿದಿಡುತ್ತವೆ.
• ಮೌಂಟಿಂಗ್ ಬೋಲ್ಟ್: ಗೇರ್‌ಬಾಕ್ಸ್‌ನ ಹಿಂಭಾಗವನ್ನು ರಬ್ಬರ್ ಮೌಂಟಿಂಗ್ ಮೂಲಕ ಚಾಸಿಯ ಅಡ್ಡಪಟ್ಟಿಗೆ ಕೂರಿಸುತ್ತವೆ.
• ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್: ತಿರುಗುವ ಶಾಫ್ಟನ್ನು ಫ್ಲ್ಯಾಂಜ್‌ಗೆ ಜೋಡಿಸುತ್ತವೆ.
• ಡ್ರೈನ್ ಮತ್ತು ಫಿಲ್ಲರ್ ಪ್ಲಗ್: ಗೇರ್ ಆಯಿಲ್ ಇಳಿಸಲು ಮತ್ತು ತುಂಬಲು.

ಎಲ್ಲವನ್ನೂ ಒಂದೇ ಬಲದಲ್ಲಿ ಎಳೆದು ಬಿಗಿ ಮಾಡುವುದು ಮೊದಲ ತಪ್ಪು. ಒಂದೊಂದರ ಗಾತ್ರ, ಉಕ್ಕಿನ ದರ್ಜೆ, ಕಚ್ಚಿಕೊಳ್ಳುವ ಲೋಹ ಬೇರೆ ಬೇರೆ.

ಬೋಲ್ಟ್ ಎಂದರೆ ಸ್ಪ್ರಿಂಗ್ ಇದ್ದ ಹಾಗೆ

ಬೋಲ್ಟನ್ನು ತಿರುಗಿಸಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಹಳೆಯ ಉದ್ದಕ್ಕೆ ಮರಳಲು ಯತ್ನಿಸುತ್ತಲೇ ಇರುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಎಂಜಿನ್ ಮತ್ತು ಬೆಲ್ ಹೌಸಿಂಗ್ ಒಂದರ ಮೇಲೊಂದು ಜಾರದಂತೆ ತಡೆಯುವುದು ಈ ಒತ್ತಡದಿಂದ ಹುಟ್ಟುವ ಘರ್ಷಣೆ.

ಹಿಗ್ಗುವಿಕೆ ಕಡಿಮೆಯಾದರೆ ಎರಡು ಮುಖಗಳು ಒಂದರ ಮೇಲೊಂದು ಸೂಕ್ಷ್ಮವಾಗಿ ಜಾರತೊಡಗುತ್ತವೆ. ಬೋಲ್ಟಿಗೆ ಅಡ್ಡಲಾಗಿ ಬೀಳುವ ಕಂಪನವೇ ಅದನ್ನು ಸಡಿಲಗೊಳಿಸುವ ದೊಡ್ಡ ಶತ್ರು ಎಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಸಡಿಲವಾದ ಬೋಲ್ಟ್ ಕಳಚಿ ಬೀಳಬಹುದು, ಇಲ್ಲವೇ ಪದೇ ಪದೇ ಬಾಗಿ ದಣಿದು ಮುರಿಯಬಹುದು. ಒಂದು ಬೋಲ್ಟ್ ಹೋದರೆ ಅದರ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ.

ಅತಿಯಾಗಿ ಬಿಗಿ ಮಾಡಿದರೂ ಕಷ್ಟವೇ. ಮಿತಿ ಮೀರಿ ಹಿಗ್ಗಿದ ಬೋಲ್ಟ್ ಸ್ಪ್ರಿಂಗ್ ಗುಣ ಕಳೆದುಕೊಳ್ಳುತ್ತದೆ. ಗೇರ್‌ಬಾಕ್ಸ್ ಕವಚ ಅಲ್ಯೂಮಿನಿಯಂನದ್ದಾಗಿದ್ದರೆ ಬೋಲ್ಟಿಗಿಂತ ಮೊದಲು ಅದರೊಳಗಿನ ಥ್ರೆಡ್ ಕಿತ್ತು ಬರುತ್ತದೆ.

ಲೆಕ್ಕ ಹೇಗೆ?

ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಕೈಯ ಬಲವನ್ನು ಸ್ಪ್ಯಾನರ್‌ನ ಉದ್ದದಿಂದ ಗುಣಿಸಿದರೆ ಟಾರ್ಕ್ ಸಿಗುತ್ತದೆ. ಅರ್ಧ ಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ 10 ಕೆ.ಜಿ. ಬಲ ಹಾಕಿದರೆ ಸುಮಾರು 49 ನ್ಯೂಟನ್ ಮೀಟರ್. ಅದೇ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಉದ್ದವನ್ನು ಒಂದು ಮೀಟರ್ ಮಾಡಿದರೆ, ಕೈ ಹಾಕುವ ಬಲ ಅಷ್ಟೇ ಇದ್ದರೂ ಟಾರ್ಕ್ 98 ಆಗುತ್ತದೆ. ಪೈಪ್ ಹಾಕಿ ಬಿಗಿ ಮಾಡುವ ಅಭ್ಯಾಸ ಅಪಾಯಕಾರಿಯಾಗುವುದು ಇದರಿಂದಲೇ.

ಹಾಕಿದ ಟಾರ್ಕ್ ಪೂರ್ತಿ ಬೋಲ್ಟನ್ನು ಹಿಗ್ಗಿಸುವುದಿಲ್ಲ. ಸ್ಥೂಲವಾಗಿ ಶೇ 50ರಷ್ಟು ಬೋಲ್ಟ್ ತಲೆಯ ಕೆಳಗಿನ ಘರ್ಷಣೆಗೆ, ಶೇ 40ರಷ್ಟು ಥ್ರೆಡ್‌ನ ಘರ್ಷಣೆಗೆ ಹೋಗುತ್ತದೆ. ಹಿಗ್ಗಿಸಲು ಉಳಿಯುವುದು ಕೇವಲ ಶೇ 10. ಹೀಗಾಗಿ ಥ್ರೆಡ್‌ನಲ್ಲಿ ತುಕ್ಕು, ಮಣ್ಣು ಅಥವಾ ಎಣ್ಣೆ ಇದ್ದರೆ ಇಡೀ ಲೆಕ್ಕವೇ ಬದಲಾಗುತ್ತದೆ.

ಉದಾಹರಣೆಗೆ, ಒಣ ಥ್ರೆಡ್‌ನ ಎಂ10 ಬೋಲ್ಟಿಗೆ 50 ನ್ಯೂಟನ್ ಮೀಟರ್ ಹಾಕಿದರೆ ಸುಮಾರು ಎರಡೂವರೆ ಟನ್ ಹಿಡಿತ ಸಿಗುತ್ತದೆ. ಥ್ರೆಡ್‌ಗೆ ಎಣ್ಣೆ ಸವರಿ ಅಷ್ಟೇ ಟಾರ್ಕ್ ಹಾಕಿದರೆ ಹಿಡಿತ 3.4 ಟನ್ ಹತ್ತಿರ ಹೋಗಬಹುದು. 8.8 ದರ್ಜೆಯ ಎಂ10 ಬೋಲ್ಟ್ ಸುರಕ್ಷಿತವಾಗಿ ತಡೆಯುವ ಮಿತಿಯೂ ಹೆಚ್ಚು ಕಡಿಮೆ ಅಷ್ಟೇ. ‘ಸಲೀಸಾಗಿ ಹೋಗಲಿ’ ಎಂದು ಹಚ್ಚುವ ಗ್ರೀಸ್, ಮೀಟರ್ ಸರಿ ತೋರಿಸುತ್ತಿದ್ದರೂ ಬೋಲ್ಟನ್ನು ಮಿತಿಯ ಅಂಚಿಗೆ ತಳ್ಳುತ್ತದೆ.

ತಲೆಯ ಮೇಲಿನ ಅಂಕಿ ಏನು ಹೇಳುತ್ತದೆ?

ಬೋಲ್ಟ್ ತಲೆಯ ಮೇಲೆ 8.8, 10.9 ಎಂಬ ಅಂಕಿ ಇರುತ್ತದೆ. ಇದು ಉಕ್ಕಿನ ಬಲದ ದರ್ಜೆ, ಅಂಕಿ ದೊಡ್ಡದಾದಷ್ಟೂ ಬಲ ಹೆಚ್ಚು. 10.9 ಇದ್ದ ಜಾಗಕ್ಕೆ ಅಂಗಡಿಯಲ್ಲಿ ಸಿಕ್ಕ ಯಾವುದೋ ಬೋಲ್ಟ್ ಹಾಕಬಾರದು.

8.8 ದರ್ಜೆಯ ಬೋಲ್ಟ್‌ಗಳ ಸಾಮಾನ್ಯ ಅಂದಾಜು ಹೀಗಿದೆ:

• ಎಂ6: ಸುಮಾರು 10 ನ್ಯೂಟನ್ ಮೀಟರ್
• ಎಂ8: ಸುಮಾರು 25 ನ್ಯೂಟನ್ ಮೀಟರ್
• ಎಂ10: ಸುಮಾರು 50 ನ್ಯೂಟನ್ ಮೀಟರ್
• ಎಂ12: ಸುಮಾರು 85 ನ್ಯೂಟನ್ ಮೀಟರ್

ಇದು ಅಂದಾಜು ಮಾತ್ರ. ಅಲ್ಯೂಮಿನಿಯಂ ಕವಚಕ್ಕೆ ಕಂಪನಿ ಇದಕ್ಕಿಂತ ಕಡಿಮೆ ಹೇಳಿರಬಹುದು. ಅಂತಿಮ ಮಾತು ಆಯಾ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನದ್ದೇ. ಕೆಲವು ಕೈಪಿಡಿಗಳು ಕೆ.ಜಿ. ಮೀಟರ್‌ನಲ್ಲಿ ಅಳತೆ ಕೊಟ್ಟಿರುತ್ತವೆ, ಅದನ್ನು 9.8ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ.

ಬಿಗಿ ಮಾಡುವ ಸರಿಯಾದ ಕ್ರಮ

1. ಮೊದಲು ಸುರಕ್ಷತೆ. ಗಾಡಿ ಸಮತಟ್ಟಾದ ನೆಲದಲ್ಲಿರಲಿ, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು ಬ್ಯಾಟರಿ ತಂತಿ ತೆಗೆದಿರಲಿ. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ಹೋಗಲೇಬಾರದು, ಗಟ್ಟಿ ಸ್ಟ್ಯಾಂಡ್ ಬೇಕು.

2. ಸ್ವಚ್ಛತೆ. ಬೋಲ್ಟ್‌ಗಳನ್ನು ತಂತಿ ಬ್ರಷ್‌ನಿಂದ ಉಜ್ಜಬೇಕು. ತೂತುಗಳಿಗೆ ಗಾಳಿ ಹೊಡೆದು ಎಣ್ಣೆ, ಕಸ ತೆಗೆಯಬೇಕು. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ಉಳಿದರೆ ಒಳಗಿಳಿಯುವ ಬೋಲ್ಟ್ ಅದನ್ನು ಒತ್ತಿ ಕವಚವನ್ನೇ ಸೀಳಬಲ್ಲದು.

3. ಉದ್ದ ಗುರುತಿಸುವುದು. ಬೆಲ್ ಹೌಸಿಂಗ್‌ನಲ್ಲಿ ಎಲ್ಲ ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ. ಬಿಚ್ಚುವಾಗಲೇ ರಟ್ಟಿನ ಮೇಲೆ ಕವಚದ ಚಿತ್ರ ಬರೆದು, ಆಯಾ ಜಾಗಕ್ಕೆ ಬೋಲ್ಟ್ ಚುಚ್ಚಿಟ್ಟರೆ ಗೊಂದಲವಿಲ್ಲ. ಉದ್ದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ತಳಕ್ಕೆ ತಾಗಿ ನಿಲ್ಲುತ್ತದೆ. ಟಾರ್ಕ್ ಬಂದಂತೆ ತೋರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ.

4. ಕೂರಿಸುವುದು. ಗೇರ್‌ಬಾಕ್ಸನ್ನು ಜ್ಯಾಕ್ ಮೇಲೆ ಎಂಜಿನ್‌ನ ಓರೆಗೆ ಸರಿಯಾಗಿ ಹಿಡಿಯಬೇಕು. ಅದರ ಭಾರ ಇನ್‌ಪುಟ್ ಶಾಫ್ಟ್ ಮೇಲೆ ನೇತಾಡಿದರೆ ಹೊಸ ಕ್ಲಚ್ ಪ್ಲೇಟ್ ಬಾಗುತ್ತದೆ. ಸ್ಥಾನ ಸರಿಪಡಿಸುವ ಡವೆಲ್ ಪಿನ್‌ಗಳು ಜಾಗದಲ್ಲಿವೆಯೇ ಎಂದು ನೋಡಬೇಕು.

5. ಬೋಲ್ಟ್‌ನಿಂದ ಎಳೆಯಬಾರದು. ಎರಡು ಮುಖಗಳು ಕೈಯಿಂದ ತಳ್ಳಿದಾಗಲೇ ಪೂರ್ತಿ ಕೂಡಬೇಕು. ನಡುವೆ ಸಂದು ಉಳಿದಿದೆ ಎಂದರೆ ಒಳಗೆ ಏನೋ ಸರಿಯಾಗಿ ಕೂತಿಲ್ಲ. ಆಗ ಬೋಲ್ಟ್ ತಿರುಗಿಸಿ ಹತ್ತಿರ ಎಳೆಯುವುದೇ ಕವಚ ಒಡೆಯುವ ದಾರಿ. ಆಟೊಮ್ಯಾಟಿಕ್ ಪಿಕಪ್‌ಗಳಲ್ಲಿ ಟಾರ್ಕ್ ಕನ್ವರ್ಟರ್ ಪೂರ್ತಿ ಒಳಗೆ ಕೂರದಿದ್ದರೆ ಹೀಗೆ ಎಳೆದಾಗ ಆಯಿಲ್ ಪಂಪ್ ಹಾಳಾಗುತ್ತದೆ.

6. ಕೈಯಿಂದ ಆರಂಭ. ಪ್ರತಿ ಬೋಲ್ಟನ್ನೂ ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ಹೋಗದಿದ್ದರೆ ಥ್ರೆಡ್ ಅಡ್ಡ ಹೋಗುತ್ತಿದೆ ಎಂದರ್ಥ. ಅಲ್ಲಿ ಇಂಪ್ಯಾಕ್ಟ್ ಗನ್ ಹಿಡಿದರೆ ಥ್ರೆಡ್ ಮುಗಿದ ಹಾಗೆ.

7. ಎದುರು ಬದುರು, ಮೂರು ಹಂತ. ಒಂದು ಬೋಲ್ಟ್ ಬಿಗಿ ಮಾಡಿದ ಮೇಲೆ ಅದರ ಎದುರಿನದ್ದು. ಎಲ್ಲವನ್ನೂ ಮೊದಲು ಮೂರನೇ ಒಂದು ಭಾಗ, ಆಮೇಲೆ ಮೂರನೇ ಎರಡು ಭಾಗ, ಕೊನೆಗೆ ಪೂರ್ತಿ ಟಾರ್ಕ್. ಪ್ರೆಶರ್ ಪ್ಲೇಟ್‌ಗೂ ಇದೇ ಕ್ರಮ. ಕ್ರಮ ತಪ್ಪಿದರೆ ಪ್ಲೇಟ್ ಓರೆಯಾಗಿ ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ.

8. ಗುರುತು ಹಾಕುವುದು. ಅಂತಿಮ ಟಾರ್ಕ್ ಆದ ಬೋಲ್ಟ್ ತಲೆಯಿಂದ ಕವಚದವರೆಗೆ ಪೇಂಟ್ ಗೆರೆ ಎಳೆದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಮುಂದೆ ಬೋಲ್ಟ್ ತಿರುಗಿದ್ದರೆ ಗೆರೆ ಮುರಿದಿರುವುದೇ ಹೇಳುತ್ತದೆ.

ಮೌಂಟಿಂಗ್ ಬೋಲ್ಟ್‌ಗಳ ಸರದಿ ಕೊನೆಗೆ. ಬೆಲ್ ಹೌಸಿಂಗ್ ಪೂರ್ತಿ ಬಿಗಿಯಾಗಿ, ಗೇರ್‌ಬಾಕ್ಸ್ ಭಾರ ರಬ್ಬರ್ ಮೇಲೆ ಇಳಿದ ಮೇಲೆ ಅವನ್ನು ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಳ್ಳುವುದಿಲ್ಲ.

ಟಾರ್ಕ್ ರೆಂಚ್ ಬಳಸುವಾಗ

ಟಾರ್ಕ್ ರೆಂಚ್‌ನಲ್ಲಿ ಅಳತೆ ಹೊಂದಿಸಿ ನಿಧಾನಕ್ಕೆ ಎಳೆದಾಗ ‘ಟಕ್’ ಎನ್ನುತ್ತದೆ. ಮೊದಲ ಶಬ್ದಕ್ಕೇ ಕೈ ನಿಲ್ಲಿಸಬೇಕು. ‘ಇನ್ನೊಂಚೂರು ಇರಲಿ’ ಎಂದು ಮತ್ತೆರಡು ಸಲ ಎಳೆದರೆ ಅಳತೆಗೆ ಅರ್ಥವಿಲ್ಲ.

ಮೇಲಿನ ಬೋಲ್ಟ್‌ಗಳಿಗೆ ಕೈ ಎಟುಕದಿದ್ದಾಗ ರೆಂಚ್‌ನ ತುದಿಗೆ ಹೆಚ್ಚುವರಿ ತಲೆ ಜೋಡಿಸುತ್ತಾರೆ. ಅದು ರೆಂಚ್‌ನ ನೇರಕ್ಕಿದ್ದರೆ ಉದ್ದ ಹೆಚ್ಚಿ, ಹೊಂದಿಸಿದ್ದಕ್ಕಿಂತ ಹೆಚ್ಚು ಟಾರ್ಕ್ ಬೀಳುತ್ತದೆ. 40 ಸೆಂ.ಮೀ. ರೆಂಚ್‌ಗೆ 5 ಸೆಂ.ಮೀ. ಸೇರಿದರೆ, 50 ನ್ಯೂಟನ್ ಮೀಟರ್ ಬೇಕಾದಲ್ಲಿ ಸುಮಾರು 44ಕ್ಕೆ ಹೊಂದಿಸಬೇಕು. ಆ ತಲೆಯನ್ನು ರೆಂಚ್‌ಗೆ 90 ಡಿಗ್ರಿ ಅಡ್ಡವಾಗಿ ಇಟ್ಟರೆ ಈ ಲೆಕ್ಕದ ಅಗತ್ಯವಿಲ್ಲ.

ಟಾರ್ಕ್ ರೆಂಚ್‌ನಿಂದ ಬೋಲ್ಟ್ ಬಿಚ್ಚಬಾರದು. ಕೆಲಸ ಮುಗಿದ ಮೇಲೆ ಕನಿಷ್ಠ ಅಳತೆಗೆ ಇಳಿಸಿಡಬೇಕು. ನಿತ್ಯ ಬಳಸುವ ಗ್ಯಾರೇಜುಗಳು ವರ್ಷಕ್ಕೊಮ್ಮೆಯಾದರೂ ಅದರ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಬೇಕು.

ಪ್ಲಗ್ ಮತ್ತು ಶಾಫ್ಟ್: ಇಲ್ಲಿ ತಪ್ಪು ಹೆಚ್ಚು

ಗೇರ್ ಆಯಿಲ್ ಬದಲಿಸುವಾಗ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಬೇಕು. ಕೆಳಗಿನದ್ದನ್ನು ಬಿಚ್ಚಿ ಆಯಿಲ್ ಪೂರ್ತಿ ಇಳಿದ ಮೇಲೆ ಮೇಲಿನದ್ದು ಕದಲದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ವಾಷರ್ ಇರುವ ಪ್ಲಗ್‌ಗೆ ಪ್ರತಿ ಬಾರಿ ಹೊಸ ವಾಷರ್ ಹಾಕಬೇಕು. ಹಳೆಯದನ್ನೇ ಹಾಕಿ, ಸೋರದಿರಲಿ ಎಂದು ಬಲವಾಗಿ ತಿರುಗಿಸುವುದರಿಂದಲೇ ಪ್ಲಗ್‌ನ ಥ್ರೆಡ್ ಹೋಗುತ್ತದೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಪ್ಯಾನ್ ಬೋಲ್ಟ್‌ಗಳು ಸಾಮಾನ್ಯವಾಗಿ ಚಿಕ್ಕವು. 10 ನ್ಯೂಟನ್ ಮೀಟರ್ ಎಂದರೆ 20 ಸೆಂ.ಮೀ. ಸ್ಪ್ಯಾನರ್ ತುದಿಯಲ್ಲಿ ಬರೀ 5 ಕೆ.ಜಿ. ಬಲ. ಇದಕ್ಕಿಂತ ಹೆಚ್ಚು ಎಳೆದರೆ ತಗಡಿನ ಅಂಚು ಬಾಗಿ, ನಿಲ್ಲಿಸಲು ಹೊರಟ ಸೋರಿಕೆ ಇನ್ನೂ ಹೆಚ್ಚುತ್ತದೆ.

ಪ್ರೊಪೆಲ್ಲರ್ ಶಾಫ್ಟ್ ವಿಷಯದಲ್ಲಿ ಜೀವದ ಪ್ರಶ್ನೆ ಇದೆ. ಓಡುವ ಗಾಡಿಯಲ್ಲಿ ಶಾಫ್ಟ್‌ನ ಮುಂದಿನ ತುದಿ ಕಳಚಿ ರಸ್ತೆಗೆ ತಾಗಿದರೆ ಗಾಡಿ ಹತೋಟಿ ತಪ್ಪಬಹುದು. ಬಿಚ್ಚುವ ಮೊದಲು ಎರಡೂ ಫ್ಲ್ಯಾಂಜ್‌ಗೆ ಗುರುತು ಹಾಕಿ, ಅದೇ ಸ್ಥಾನಕ್ಕೆ ಕೂರಿಸಬೇಕು. ಕಂಪನಿ ಹೇಳಿದ್ದರೆ ಹೊಸ ನಟ್ ಅಥವಾ ಥ್ರೆಡ್‌ಲಾಕರ್ ಬಳಸಬೇಕು. ಕೈಪಿಡಿಯಲ್ಲಿ ಟಾರ್ಕ್ ಜತೆ ‘ಇಷ್ಟು ಡಿಗ್ರಿ ತಿರುಗಿಸಿ’ ಎಂದಿರುವ ಬೋಲ್ಟ್‌ಗಳಲ್ಲಿ ಹಲವು ಒಂದೇ ಬಾರಿ ಬಳಸುವಂಥವು. ಅವನ್ನು ಮತ್ತೆ ಹಾಕುವ ಮೊದಲು ಕೈಪಿಡಿ ನೋಡಲೇಬೇಕು.

ಥ್ರೆಡ್ ಹೋಗಿದ್ದರೆ?

ದಪ್ಪ ಬೋಲ್ಟ್ ಬಡಿದು ಕೂರಿಸುವುದು, ಗಮ್ ತುಂಬುವುದು ಪರಿಹಾರವಲ್ಲ. ತೂತನ್ನು ಕೊರೆದು ಹೊಸ ಥ್ರೆಡ್ ಮಾಡಿ ಉಕ್ಕಿನ ಸುರುಳಿ ಕೂರಿಸುವ ಹೆಲಿಕಾಯಿಲ್ ಪದ್ಧತಿ ಇದೆ. ಸರಿಯಾಗಿ ಮಾಡಿದರೆ ಇದು ಅಲ್ಯೂಮಿನಿಯಂನ ಮೂಲ ಥ್ರೆಡ್‌ಗಿಂತ ಗಟ್ಟಿ. ತೂತಿನ ಸುತ್ತ ಬಿರುಕು ಕಂಡರೆ ಮಾತ್ರ ಕವಚವನ್ನೇ ಬದಲಿಸಬೇಕಾಗಬಹುದು.

ಈ ಲಕ್ಷಣ ಕಂಡರೆ ತಡ ಮಾಡಬೇಡಿ

• ಕ್ಲಚ್ ಬಿಡುವಾಗ ನಡುಕ, ಗೇರ್ ಲಿವರ್ ಅತಿಯಾಗಿ ಅಲ್ಲಾಡುವುದು
• ಗೇರ್ ಬದಲಿಸಿದಾಗ ಅಥವಾ ಆಕ್ಸಿಲರೇಟರ್ ಬಿಟ್ಟಾಗ ಕೆಳಗಿನಿಂದ ‘ಧಡ್’ ಶಬ್ದ
• ಬೋಲ್ಟ್ ತಲೆಯ ಸುತ್ತ ಕಂದು ಬಣ್ಣದ ಸಣ್ಣ ಪುಡಿ
• ಬೆಲ್ ಹೌಸಿಂಗ್ ಮತ್ತು ಎಂಜಿನ್ ನಡುವೆ ಕಾಣುವ ಸಂದು
• ಪೇಂಟ್ ಗೆರೆ ಮುರಿದಿರುವುದು

ಈ ಲಕ್ಷಣಗಳಿಗೆ ಬೇರೆ ಕಾರಣವೂ ಇರಬಹುದು. ಆದರೆ ಬೋಲ್ಟ್ ಪರೀಕ್ಷೆ ಎಲ್ಲಕ್ಕಿಂತ ಅಗ್ಗದ್ದು, ಅಲ್ಲಿಂದಲೇ ಶುರು ಮಾಡಬಹುದು.

ಗ್ಯಾರೇಜಿನಲ್ಲಿ ಕೇಳಬೇಕಾದ ಮೂರು ಪ್ರಶ್ನೆ

ಗಾಡಿ ಮಾಲೀಕರೆಲ್ಲ ತಾವೇ ಗೇರ್‌ಬಾಕ್ಸ್ ಇಳಿಸುವುದಿಲ್ಲ. ಆದರೆ ಮೂರು ಪ್ರಶ್ನೆ ಕೇಳಬಹುದು. ಈ ಮಾದರಿಗೆ ಕಂಪನಿ ಹೇಳಿದ ಟಾರ್ಕ್ ಎಷ್ಟು? ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲೇ ಆಯಿತೇ? ಬಿಚ್ಚಿದಷ್ಟು ಬೋಲ್ಟ್ ವಾಪಸ್ ಹೋಗಿವೆಯೇ, ಯಾವುದಾದರೂ ಉಳಿದಿದೆಯೇ? ಅನುಭವಿ ಮೇಸ್ತ್ರಿಯ ಕೈಯೂ ಥ್ರೆಡ್‌ನಲ್ಲಿ ಎಣ್ಣೆ ಇದ್ದಾಗ, ಪೈಪ್ ಉದ್ದವಾದಾಗ, ದಿನದ ಕೊನೆಗೆ ದಣಿದಾಗ ಮೋಸ ಹೋಗುತ್ತದೆ. ಟಾರ್ಕ್ ರೆಂಚ್ ಹಿಡಿದು ಎಲ್ಲ ಬೋಲ್ಟ್‌ಗಳನ್ನು ಇನ್ನೊಮ್ಮೆ ನೋಡಲು ಹಿಡಿಯುವುದು ಕೆಲವೇ ನಿಮಿಷ. ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಗಿ ಬಂದರೆ ಹೋಗುವುದು ದಿನಗಟ್ಟಲೆ ದುಡಿಮೆ.