ಕುಸ್ತಿಗೆ ರಾಜ, ಖೋ ಖೋಗೆ ಸಲ್ಮಾನ್: ದೊಡ್ಡ ಹೆಸರು ಬಂದ್ರೆ ಆಟಕ್ಕೆ ಏನು ಸಿಗುತ್ತೆ?

1/5
ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಫ್ರೆಂಡ್ಸ್, ಒಂದು ಪ್ರಶ್ನೆ. ಜನ ಅಷ್ಟಾಗಿ ನೋಡದ ಆಟದ ಪಕ್ಕ ಒಬ್ಬ ಸ್ಟಾರ್ ಬಂದು ನಿಂತ್ರೆ ಏನು ಬದಲಾಗುತ್ತೆ? ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಇದಕ್ಕೆ ಉತ್ತರ ಹುಡುಕೋಣ.

2/5
1638ರಿಂದ 1659ರವರೆಗೆ ಮೈಸೂರು ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ್ ಸ್ವತಃ ಕುಸ್ತಿಪಟು. ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನ ಸೋಲಿಸಿದ್ರು ಅನ್ನೋ ಕಥೆ ಇವತ್ತಿಗೂ ಇದೆ. 1960ರಲ್ಲಿ ಅಣ್ಣಾವ್ರು ಸಿನಿಮಾದಲ್ಲಿ ಮಾಡಿದ್ದು ಇದೇ ರಾಜನ ಪಾತ್ರ.
ಅರಮನೆ ಬರೀ ಹೆಸರು ಕೊಟ್ಟು ಸುಮ್ಮನಾಗಲಿಲ್ಲ. ಪೈಲ್ವಾನರನ್ನ ಪೋಷಿಸ್ತು, ದಸರಾದಲ್ಲಿ ಅಖಾಡ ಕೊಡ್ತು. ರಾಜರ ಆಳ್ವಿಕೆ ಮುಗಿದ್ರೂ ದಸರಾ ಕುಸ್ತಿ ನಿಂತಿಲ್ಲ. ಈಗ ಅದು ನಡೆಯೋದು ಮೈಸೂರಲ್ಲಿ, ನಮ್ಮ ಹುಣಸೂರಿನ ದೇವರಾಜ ಅರಸು ಹೆಸರಿನ ಕ್ರೀಡಾಂಗಣದಲ್ಲಿ.

3/5
ಈಗ ಖೋ ಖೋಗೆ ಬನ್ನಿ. ಶಾಲೆಯಲ್ಲಿ ಎಲ್ಲರೂ ಆಡಿದ ಆಟ, ಟಿವಿಯಲ್ಲಿ ನೋಡಿದವರು ಕಮ್ಮಿ. 2022ರಲ್ಲಿ ಅಲ್ಟಿಮೇಟ್ ಖೋ ಖೋ ಲೀಗ್ ಶುರುವಾಯ್ತು. ಮುಂಬೈ ತಂಡಕ್ಕೆ ಗಾಯಕ ಬಾದ್‌ಶಾ ಸಹಮಾಲೀಕ. ಕರ್ನಾಟಕದ ತಂಡವೇ ಇರಲಿಲ್ಲ!
2025ರ ಜನವರಿ 13ರಿಂದ 19ರವರೆಗೆ ದೆಹಲಿಯಲ್ಲಿ ಮೊದಲ ವಿಶ್ವಕಪ್. ಬ್ರ್ಯಾಂಡ್ ಅಂಬಾಸಿಡರ್ ಸಲ್ಮಾನ್ ಖಾನ್. ಕ್ರೀಡಾಪುಟ ಓದದವರಿಗೂ ಸುದ್ದಿ ಮುಟ್ಟಿಸೋದು ಇಂಥ ಹೆಸರೇ.

4/5
ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನ 78–40ರಿಂದ ಸೋಲಿಸಿದ್ರು. ಪಂದ್ಯದ ಅತ್ಯುತ್ತಮ ಆಟಗಾರ್ತಿ ಯಾರು ಗೊತ್ತಾ? ನಮ್ಮದೇ ಜಿಲ್ಲೆ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಗೆದ್ದ ಪುರುಷರ ತಂಡದಲ್ಲೂ ಕರ್ನಾಟಕದ ಎಂ.ಕೆ. ಗೌತಮ್ ಇದ್ರು.
ಆಮೇಲೆ? ನಮ್ಮ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸ್ತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಘೋಷಿಸಿದ್ದು ತಲಾ 2.25 ಕೋಟಿ, ಜೊತೆಗೆ ಸರ್ಕಾರಿ ಕೆಲಸ. ಚೈತ್ರಾ, ಗೌತಮ್ ಇಬ್ಬರೂ ಆ 5 ಲಕ್ಷ ಬೇಡ ಅಂದ್ರು.

5/5
ಸ್ಟಾರ್ ಬಂದ್ರೆ ಜನ ತಿರುಗಿ ನೋಡ್ತಾರೆ. ಇದು ಸಣ್ಣ ಲಾಭ ಅಲ್ಲ, ಯಾರೂ ನೋಡದ ಆಟಕ್ಕೆ ದುಡ್ಡು ಹಾಕೋರೂ ಬರಲ್ಲ. ಆದ್ರೆ ಅರಮನೆ ಕುಸ್ತಿಯನ್ನ ನೋಡಿದ್ದಷ್ಟೇ ಅಲ್ಲ, ಸಾಕಿತ್ತು ಕೂಡ. ಸಲ್ಮಾನ್ ಬಂದು ಹೋದ ಮೇಲೆ ಖೋ ಖೋವನ್ನ ಸಾಕೋರು ಯಾರು?
ಎಚ್.ಡಿ. ಕೋಟೆಯ ಒಬ್ಬ ಹುಡುಗಿ ಹತ್ತನೇ ಕ್ಲಾಸ್ ಆದ್ಮೇಲೂ ಆಡಬೇಕು ಅಂದ್ರೆ ಪೋಸ್ಟರ್ ಸಾಲಲ್ಲ. ಕೋಚ್ ಬೇಕು, ಮ್ಯಾಟ್ ಬೇಕು, ಬಸ್ ಚಾರ್ಜ್ ಬೇಕು, ಮುಂದೆ ಒಂದು ಕೆಲಸ ಸಿಗುತ್ತೆ ಅನ್ನೋ ಧೈರ್ಯ ಬೇಕು.
ನಿಮ್ಮ ಶಾಲೆಯಲ್ಲಿ ಚೆನ್ನಾಗಿ ಖೋ ಖೋ ಆಡ್ತಿದ್ದೋರು ಈಗಲೂ ಆಡ್ತಿದ್ದಾರಾ? ಕಮೆಂಟ್ ಮಾಡಿ 👇

#ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ಖೋಖೋ